ಆಮೆಯ ಸರದಿ

ಫೆಬ್ರವರಿ ೧೧

ಮಗಳಿಗೆ,

ನನ್ನ ಕೈಬರಹ ನೋಡಿ ಲಕೋಟೆ ಒಡೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಒಡೆದಿದ್ದರೆ ಕೊನೆಯವರೆಗೂ ಓದು. ಹೆಚ್ಚೇನೂ ಇಲ್ಲ.

ನಿನ್ನ ತಮ್ಮನ ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಔಷಧಿ ಶೀಶೆಗಳನ್ನೆಲ್ಲ ಕೆಳಗಿನ ಮನೆಯ ಗುಂಡಿ ಅತ್ತೆ ತೊಳೆದು ಒಯ್ದಳು. ಅಂಗಿಗೆ ಹೊಲಿಯುವ ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿ ಹಾಕಿಡಲು ಬೇಕಂತೆ. ಒಯ್ಯಲಿ. ಒಬ್ಬರಿಗಾದರೂ ಉಪಯೋಗವಾಯಿತು.

ಉಳಿದದ್ದು ಅವನ ಆಟದ ಡಬ್ಬಿ, ಆ ವಿಡಿಯೋ ಗೇಮು. ದಿಂಬಿನ ಕೆಳಗಿತ್ತು. ಸತ್ತುಹೋಗಿದೆ ಎಂದುಕೊಂಡು ಚಾರ್ಜಿಗೆ ಹಾಕಿದೆ, ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಒಂದು ನದಿ, ಬೆಟ್ಟ, ಗೋಡೆ ಕಟ್ಟಿದ ಪಟ್ಟಣಗಳು, ಬೆರಳ ತುದಿಯಷ್ಟೇ ಇರುವ ಆನೆಗಳು. ಯಾವುದೂ ಅಲ್ಲಾಡುವುದಿಲ್ಲ. ನಡುವೆ ಒಂದು ಸಾಲು ಬರೆದಿದೆ: ‘ಆಮೆಯ ಸರದಿ. ಕಾಯಲಾಗುತ್ತಿದೆ.’

ಆಮೆ ಎಂದರೆ ನೀನು. ಅವನು ನಿನ್ನನ್ನು ಹಾಗೆ ಕರೆಯುತ್ತಿದ್ದದ್ದು ಇಡೀ ಬೀದಿಗೆ ಗೊತ್ತು. ಅವನನ್ನು ಬೀದಿ ‘ದೊರೆ’ ಎನ್ನುತ್ತಿತ್ತು. ಮೇಲಿನ ಕಿಟಕಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಅಪ್ಪಣೆ ಕೊಡಿಸುತ್ತಿದ್ದನಲ್ಲ. ಈಗ ಹಾಲಿನವನು ಆ ಕಿಟಕಿಯ ಕೆಳಗೆ ಬಂದಾಗ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾನೆ.

ಡಬ್ಬಿಯನ್ನು ನಿನಗೆ ಕಳಿಸಲೇ? ನಿನ್ನ ಬಳಿ ಇಂಥದ್ದೇ ಒಂದಿದೆ ಎಂದು ಅವನು ಹೇಳಿದ ನೆನಪು. ಬೇಡವಾದರೆ, ಇದನ್ನು ಆಡುವುದು ಹೇಗೆ ಎಂದು ಬರೆದು ತಿಳಿಸು. ಅರವತ್ತಮೂರನೆಯ ವಯಸ್ಸಿಗೆ ಈ ಹುಚ್ಚೇಕೆ ಎಂದು ಕೇಳಬೇಡ.

ಫೋನು ಮಾಡಬೇಡ. ಬೀಗದ ಕೈ ಕೊರೆಯುವ ಯಂತ್ರ ನನ್ನ ಬಲಗಿವಿಯನ್ನು ತಿಂದು ಮುಗಿಸಿದೆ, ಎಡಗಿವಿಯೂ ತನ್ನ ಅಣ್ಣನ ದಾರಿಯನ್ನೇ ಹಿಡಿದಿದೆ. ಕಾಗದವೇ ಆಗಬೇಕು.

ಅವನನ್ನು ಒಯ್ದ ದಿನ ನೀನು ಬಂದು ಬಾಗಿಲ ಪಕ್ಕ ಕೂತು, ಸಂಜೆಯ ಬಸ್ಸಿಗೆ ಎದ್ದು ಹೋದೆ. ನೀರು ಕೂಡ ಕುಡಿಯಲಿಲ್ಲ. ನಾನೂ ಕೊಡಲಿಲ್ಲ.

ಅಪ್ಪ


ಫೆಬ್ರವರಿ ೨೪

ಅಪ್ಪನಿಗೆ,

ಡಬ್ಬಿ ನನಗೆ ಬೇಡ, ಅಲ್ಲೇ ಇರಲಿ. ಅವನ ಹೆಬ್ಬೆರಳು ಉಜ್ಜಿ ಉಜ್ಜಿ ಬಟನ್ನುಗಳ ಮೇಲಿನ ಗುರುತೇ ಅಳಿಸಿಹೋಗಿತ್ತು. ಅದನ್ನು ನನ್ನಿಂದ ನೋಡಲಾಗುವುದಿಲ್ಲ.

ಆಡುವುದನ್ನು ಕೇಳಿದ್ದೀರಿ, ಹೇಳುತ್ತೇನೆ. ಅವನ ಆಟಕ್ಕೆ ಮಾತ್ರ ಕೈ ಹಾಕಬೇಡಿ. ಮೇಲಿನ ಎಡ ಬಟನ್ ಒತ್ತಿದರೆ ‘ಹೊಸ ಆಟ’ ಎಂದು ಬರುತ್ತದೆ, ಅದರಲ್ಲಿ ಆಡಿ. ಎದುರಾಳಿಯಾಗಿ ಯಂತ್ರವೇ ಆಡುತ್ತದೆ.

ಇದು ಹಳೆಯ ರಾಜರ ಕಾಲದ ಆಟ. ಮೊದಲು ನಿಮ್ಮ ಬಳಿ ಒಂದು ನದಿಯ ದಡ, ಹತ್ತು ಜನ, ಒಂದು ಬೆಂಕಿ, ಅಷ್ಟೇ ಇರುತ್ತದೆ. ಅಲ್ಲಿಂದ ಹೊಲ, ದಾರಿ, ಊರು, ಸೈನ್ಯ ಎಂದು ಬೆಳೆಸಿಕೊಳ್ಳಬೇಕು. ಒಂದು ಸರದಿ ಎಂದರೆ ಹತ್ತು ವರ್ಷ. ನಿಮ್ಮ ಸರದಿಯಲ್ಲಿ ಮಾಡಬೇಕಾದ್ದನ್ನು ಮಾಡಿ ‘ಸರದಿ ಮುಗಿಯಿತು’ ಎಂಬುದನ್ನು ಒತ್ತಿದರೆ ಆಮೇಲೆ ಎದುರಾಳಿಯ ಸರದಿ. ನೀವು ಒತ್ತುವವರೆಗೂ ಲೋಕ ಅಲ್ಲಾಡುವುದಿಲ್ಲ. ಯಾರೂ ಸಾಯುವುದಿಲ್ಲ, ಯಾರಿಗೂ ವಯಸ್ಸಾಗುವುದಿಲ್ಲ. ಎಷ್ಟು ದಿನ ಬೇಕಾದರೂ ಯೋಚಿಸಬಹುದು.

ನನಗೆ ಈ ಆಟದಲ್ಲಿ ಇಷ್ಟವಾದದ್ದೇ ಅದು. ಒಂದು ಸರದಿಗೆ ಮಧ್ಯಾಹ್ನವೆಲ್ಲ ಕೂರುತ್ತಿದ್ದೆ, ಅದಕ್ಕೇ ಆಮೆ. ಅವನು ಒಂದು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದ.

ಬೇಕರಿಯ ಒಲೆಯಿಂದ ಬ್ರೆಡ್ ತೆಗೆಯುವ ಹೊತ್ತಾಯಿತು.

ಮಗಳು


ಮಾರ್ಚ್ ೮

ಮಗಳಿಗೆ,

ನನ್ನ ಮೊದಲ ರಾಜ್ಯ ನಲವತ್ತು ವರ್ಷ ಬಾಳಿತು. ಕಾಡಿನ ಕಡೆಯಿಂದ ಕಳ್ಳರು ಬಂದು ಹತ್ತು ಜನರನ್ನೂ ಬೆಂಕಿಯನ್ನೂ ಮುಗಿಸಿಬಿಟ್ಟರು. ಎರಡನೆಯ ಸಲ ಬುದ್ಧಿ ಕಲಿತು ಸುತ್ತಲೂ ಗೋಡೆ ಕಟ್ಟಿದೆ. ಗೋಡೆಯ ಹೊರಗೆ ಇನ್ನೊಂದು ಗೋಡೆ, ಬಾಗಿಲಿಗೆ ಕಬ್ಬಿಣ. ಕಳ್ಳರು ಬಂದು ನೋಡಿ ವಾಪಸು ಹೋದರು. ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಆಮೇಲೆ ಜನರೆಲ್ಲ ಹಸಿವಿನಿಂದ ಸತ್ತರು. ಕಣಜ ಕಟ್ಟಬೇಕು ಎಂದು ನೀನು ಬರೆದಿರಲಿಲ್ಲ.

ಗುಂಡಿ ಅತ್ತೆ ಹಿಂದೆ ನಿಂತು ನೋಡುತ್ತಿದ್ದಳು. “ಬೀಗದವನ ರಾಜ್ಯ ಅಲ್ವಾ,” ಅಂದಳು, “ಗೋಡೆ ಗಟ್ಟಿ, ಬಾಗ್ಲು ಗಟ್ಟಿ, ಒಳಗಡೆ ಮಾತ್ರ ಏನೂ ಇಲ್ಲ.” ಅವಳ ನಾಲಿಗೆ ನಿನಗೆ ಗೊತ್ತೇ ಇದೆ.

ಈಗ ಮೂರನೆಯದು ನಡೆಯುತ್ತಿದೆ. ಗಿರಾಕಿ ಇಲ್ಲದಾಗ ಆಡುತ್ತೇನೆ. ಬೆರಳಿಗೆ ಹತ್ತಿದ ಹಿತ್ತಾಳೆ ಪುಡಿ ಡಬ್ಬಿಗೆ ಅಂಟದಿರಲೆಂದು ಕೈ ತೊಳೆದು ಬಂದು ಕೂರುತ್ತೇನೆ. ಬೀಗದ ಒಳಗಿನ ತಗಡುಗಳನ್ನು ಒಂದೊಂದಾಗಿ ಎತ್ತಿ ನೋಡುವ ಹಾಗೆಯೇ ಇದು ಕೂಡ. ಅವಸರ ಮಾಡಿದರೆ ಕೆಡುತ್ತದೆ.

ಅವನು ಆಡುವಾಗ ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತಿದ್ದೇನೆ, ಆದರೆ ನೋಡಿದ್ದು ಅವನ ತುಟಿಯನ್ನು. ನೀಲಿಯಾಗಿದೆಯೋ ಕೆಂಪಗಿದೆಯೋ ಎಂದು. ಪರದೆಯನ್ನು ನೋಡಿದ್ದು ಕಡಿಮೆ. ಒಂದೇ ಒಂದು ಪಾಠ ನೆನಪಿದೆ. ಒಂದು ದಿನ ಅವನು ನಿನ್ನ ಒಂದು ಕೋಟೆಯನ್ನು ಸುತ್ತುವರಿದು ಸುಮ್ಮನೆ ಕೂತಿದ್ದ. ಗೋಡೆ ಒಡೆಯುವುದಿಲ್ಲವೇ ಎಂದು ಕೇಳಿದೆ. “ಒಡೀಬೇಕಾಗಿಲ್ಲ ಅಪ್ಪ. ದಾರಿ ಮುಚ್ಚಿದ್ರೆ ಸಾಕು. ಕಾಳು ಖಾಲಿಯಾದ ಮೇಲೆ ಅವರೇ ಬಾಗ್ಲು ತೆಗೀತಾರೆ,” ಅಂದ. ನಾಲ್ಕು ಸರದಿಯಲ್ಲಿ ನಿಜವಾಗಿಯೂ ತೆಗೆದರು.

ಈಗ ಒಂದು ಕಣಜ ಕಟ್ಟಿದ್ದೇನೆ.

ಅಪ್ಪ


ಮಾರ್ಚ್ ೨೦

ಅಪ್ಪನಿಗೆ,

ಒಂದು ಕಣಜ ಸಾಲದು. ಊರಿಗೊಂದು ಬೇಕು.

ನಿಮ್ಮ ಎರಡನೆಯ ರಾಜ್ಯದ ಕಥೆಯನ್ನು ಒಲೆಯ ಮುಂದೆ ಓದಿ ಹೇಳಿದೆ. ನಮ್ಮ ಮನೆಯವರು ಹಿಟ್ಟು ನಾದುವ ಕೈ ನಿಲ್ಲಿಸಿ ನಕ್ಕರು. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಡಬ್ಬಿ ಒಂದೇ ಇದ್ದಾಗ ನಾವು ಹೇಗೆ ಆಡುತ್ತಿದ್ದೆವು ಗೊತ್ತೇ? ಒಂದೇ ಮಂಚದ ಮೇಲೆ ಕೂತು, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡುವುದು. ಒಬ್ಬರು ಆಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ಕೂರಬೇಕು, ಕದ್ದು ನೋಡಬಾರದು. ಅದು ನಮ್ಮ ಕಾನೂನು. ಅವನು ಔಷಧಿಯ ಚಮಚವನ್ನು ಕನ್ನಡಿಯಂತೆ ಎತ್ತಿ ಹಿಡಿದು ಅದರಲ್ಲಿ ನನ್ನ ಸೈನ್ಯವನ್ನು ನೋಡುತ್ತಿದ್ದ. ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇರುತ್ತಿದ್ದೆ. ನಮ್ಮ ಊರುಗಳಿಗೆ ನಾವೇ ಹೆಸರಿಟ್ಟಿದ್ದೆವು. ಅವನ ರಾಜಧಾನಿ ಕಿಟಕಿಪುರ. ನನಗೆ ಸಮುದ್ರದ ದಡದಲ್ಲಿ ಒಂದು ಬಂದರು ಸಿಕ್ಕಿತ್ತು, ಅದಕ್ಕೆ ನೀಲಿಬಾಗಿಲು ಎಂದು ಹೆಸರು. ಅವನ ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ಆ ನೀಲಿಬಾಗಿಲಿನ ಮೇಲೆ ಅವನಿಗೆ ಯಾವಾಗಲೂ ಕಣ್ಣು.

ಅಮ್ಮ ಹೋದ ಮೇಲೆ ನನ್ನ ಶಾಲೆ ನಾಲ್ಕನೆಯ ತರಗತಿಗೆ ನಿಂತಿತು. ಹುಟ್ಟಿನಿಂದ ಹೃದಯ ಸರಿಯಿಲ್ಲದ ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಲು ಯಾರಾದರೂ ಬೇಕಿತ್ತು. ಅದರ ಬಗ್ಗೆ ನನಗೆ ದೂರಿಲ್ಲ, ಆಗಲೂ ಇರಲಿಲ್ಲ. ಆದರೆ ನಾನು ಮದುವೆಯಾದಾಗ, ಅವನನ್ನು ಬಿಟ್ಟು ಸುಖ ನೋಡಿಕೊಂಡು ಹೋದವಳು ಎಂದು ನೀವು ಹೇಳಿದಿರಿ. ಒಂದು ಮಾತು ನಿಮಗೆ ಗೊತ್ತಿಲ್ಲ. ಮದುವೆ ಬೇಡವೆಂದು ನಾನು ಹಠ ಹಿಡಿದಿದ್ದೆ. ಒಪ್ಪಿಸಿದವನು ಅವನು. “ನಾನು ನಿನ್ನ ತಮ್ಮ ಅಕ್ಕಾ, ನಿನ್ನ ಉದ್ಯೋಗ ಅಲ್ಲ,” ಅಂದ. “ಹೋಗು. ಆಟ ಅಂಚೇಲಿ ಆಡೋಣ.”

ಹಾಗೆಯೇ ಆಡಿದೆವು. ನಾನು ಇಲ್ಲಿ ಹಳೆಯದೊಂದು ಡಬ್ಬಿ ಹುಡುಕಿಕೊಂಡೆ. ನನ್ನ ಸರದಿ ಆಡಿ, ಮೆಮೊರಿ ಕಾರ್ಡನ್ನು ಎರಡು ರಟ್ಟಿನ ನಡುವೆ ಅಂಟಿಸಿ ಕಳಿಸುವುದು. ಅವನು ಅದನ್ನು ತನ್ನ ಡಬ್ಬಿಗೆ ಹಾಕಿ, ತನ್ನ ಸರದಿ ಆಡಿ, ವಾಪಸು ಕಳಿಸುವುದು. ಕೊನೆಗೆ ಆಡಿದ್ದರ ಒಂದು ಪ್ರತಿ ಡಬ್ಬಿಯಲ್ಲೂ ಉಳಿಯುತ್ತದೆ. ಉಗುರಿನಷ್ಟು ಕಾರ್ಡು, ಅದರೊಳಗೆ ಎರಡು ರಾಜ್ಯ. ಹತ್ತು ತಿಂಗಳಲ್ಲಿ ಹದಿನೇಳು ಸಲ ಹೋಗಿ ಬಂದಿತು. ಅವನ ಲಕೋಟೆಗಳ ಮೇಲೆ ವಿಳಾಸ ಇರುತ್ತಿದ್ದದ್ದು ನಿಮ್ಮ ಅಕ್ಷರದಲ್ಲಿ. ನನ್ನ ಹೆಸರಿನ ಕೊನೆಯಲ್ಲಿ ನೀವು ಹಾಕುವ ಆ ಗೆರೆಯನ್ನು ನೋಡಿ, ಸಿಟ್ಟು ಪೂರ್ತಿ ಇಲ್ಲ ಎಂದುಕೊಳ್ಳುತ್ತಿದ್ದೆ.

ಈಗ ಕೇಳುತ್ತೇನೆ. ಹೋದ ಆಗಸ್ಟಿನಲ್ಲಿ ನನ್ನ ಸರದಿ ಆಡಿ ಕಾರ್ಡು ಕಳಿಸಿದೆ. ವಾಪಸು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೊಂದು ಕಾಗದ ಹಾಕಿದೆ. ಅದಕ್ಕೂ ಉತ್ತರವಿಲ್ಲ. ಜುಲೈನಲ್ಲಿ ನೀವು ಬಾ ಎಂದಾಗ ನಾನು ಬರಲಿಲ್ಲವೆಂದು ಅವನಿಗೆ ಕೋಪ ಬಂದಿತ್ತೇ? ನನ್ನ ಬಗ್ಗೆ ಏನಾದರೂ ಹೇಳಿದನೇ? ಅಂದು ಬಾಗಿಲ ಪಕ್ಕ ಕೂತು ಇಡೀ ದಿನ ಇದನ್ನೇ ಕೇಳಬೇಕೆಂದಿದ್ದೆ. ಕೇಳದೆ ಬಸ್ಸು ಹತ್ತಿದೆ.

ಇನ್ನೊಂದು. ಡಬ್ಬಿಯ ಮೇಲೆ ‘ಆಮೆಯ ಸರದಿ’ ಎಂದಿದೆ ಅಂತ ಬರೆದಿರಿ. ಅದು ಹೇಗೆ? ನಾನು ಆಡಿ ಕಳಿಸಿದ್ದೆನಲ್ಲ.

ಮಗಳು


ಏಪ್ರಿಲ್ ೧೪

ಮಗಳಿಗೆ,

ಉತ್ತರ ತಡವಾಯಿತು. ಒಂದು ಹಳೆಯ ಪೆಟ್ಟಿಗೆ ರಿಪೇರಿಗೆ ಬಂದಿತ್ತು. ಒಳಗೆ ತುಕ್ಕು ಹಿಡಿದು ತಗಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಎಣ್ಣೆ ಬಿಟ್ಟು ನಾಲ್ಕು ದಿನ ಕಾದೆ.

ಅವನಿಗೆ ನಿನ್ನ ಮೇಲೆ ಕೋಪವಿರಲಿಲ್ಲ. ಅಷ್ಟನ್ನು ನಂಬು. ಕಾರ್ಡಿನ ಮಾತು. ಅಂಚೆಯಲ್ಲಿ ಎಷ್ಟೋ ವಸ್ತು ಕಳೆದುಹೋಗುತ್ತದೆ.

ನನ್ನ ಮೂರನೆಯ ರಾಜ್ಯಕ್ಕೆ ಸಾವಿರ ವರ್ಷ ತುಂಬಿತು. ಊರಿಗೊಂದು ಕಣಜ ಇದೆ, ಬಿಲ್ಲುಗಾರರಿದ್ದಾರೆ. ಗುಂಡಿ ಅತ್ತೆ ಈಗ ನನ್ನನ್ನು ಮಹಾರಾಜರೇ ಎಂದು ಕರೆದು ಅಂಗಳ ಗುಡಿಸಲು ಹೇಳುತ್ತಾಳೆ.

ಒಂದು ಸಂದೇಹ. ಎದುರಾಳಿ ತನ್ನ ಪಟ್ಟಣವೊಂದನ್ನು ನಮಗೆ ಕೊಡುತ್ತೇನೆಂದಾಗ ಪರದೆಯ ಮೇಲೆ ‘ಒಪ್ಪುತ್ತೀರಾ?’ ಎಂದು ಕೇಳುತ್ತದೆಯಲ್ಲ, ಅದಕ್ಕೆ ಒಪ್ಪದಿದ್ದರೆ ಏನಾಗುತ್ತದೆ? ಪಟ್ಟಣ ಕೊಟ್ಟವರಿಗೇ ವಾಪಸು ಹೋಗುತ್ತದೆಯೇ? ಏನೂ ಒತ್ತದೆ ಬಿಟ್ಟರೆ?

ಬಾಗಿಲಿನ ಬೀಗ ನಾನು ಬದಲಾಯಿಸಿಲ್ಲ. ಯಾಕೆ ಬರೆದೆನೋ ಗೊತ್ತಿಲ್ಲ. ಹಳೆಯ ಬೀಗದ ಕೈಯೇ ಆಗುತ್ತದೆ.

ಅಪ್ಪ


ಏಪ್ರಿಲ್ ೨೨

ಅಪ್ಪನಿಗೆ,

ಯಂತ್ರ ಯಾರಿಗೂ ಪಟ್ಟಣ ಕೊಡುವುದಿಲ್ಲ. ಹನ್ನೆರಡು ವರ್ಷ ಆಡಿದ್ದೇನೆ, ಒಂದು ಸಲವೂ ಕೊಟ್ಟಿಲ್ಲ. ಇಬ್ಬರು ಮನುಷ್ಯರು ಆಡುವಾಗ ಮಾತ್ರ ಒಬ್ಬರು ಇನ್ನೊಬ್ಬರಿಗೆ ಕೊಡಬಹುದು.

ನಾನು ನನ್ನ ಜೀವನದಲ್ಲಿ ಒಂದೇ ಒಂದು ಪಟ್ಟಣವನ್ನು ಕೊಟ್ಟಿದ್ದೇನೆ. ಅದು ನೀಲಿಬಾಗಿಲು. ಆಗಸ್ಟಿನ ಆ ಸರದಿಯಲ್ಲಿ.

ಆ ಪ್ರಶ್ನೆ ನಿಮಗೆ ಎಲ್ಲಿ ಕಾಣಿಸಿತು?

ಇದಕ್ಕೆ ಉತ್ತರ ಬರೆಯಿರಿ. ತುಕ್ಕಿನ ಕಥೆ ಬೇಡ. ಉತ್ತರವಿಲ್ಲದಿದ್ದರೆ ಕಾಗದವೇ ಬೇಡ.


ಮೇ ೩೦

ಮಗಳಿಗೆ,

ಕಾರ್ಡು ಕಳೆದುಹೋಗಿಲ್ಲ. ನನ್ನ ಬಳಿ ಇದೆ. ಮೊದಲಿನಿಂದಲೂ ನನ್ನ ಬಳಿಯೇ ಇತ್ತು.

ಹೋದ ಜುಲೈನಲ್ಲಿ ಅವನ ಕಾಲು ಊದಿಕೊಂಡವು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಎಂದು ಎಣಿಸಬೇಡಿ ಅಂದರು. ಅದನ್ನು ನಿನಗೆ ಬರೆಯಲಿಲ್ಲ. ಬರೆದಿದ್ದರೆ ಹೇಗಾದರೂ ಬರುತ್ತಿದ್ದೆ. ನನಗೆ, ಕಾರಣ ಹೇಳದೆ ಕರೆದರೂ ನೀನು ಬರಬೇಕು ಎಂಬ ಹಠ. ‘ಅವನನ್ನು ನೋಡಬೇಕೆಂದಿದ್ದರೆ ಬಾ’ ಎಂದು ಒಂದು ಸಾಲು ಗೀಚಿ ಹಾಕಿದೆ. ನೀನು ಬರಲಿಲ್ಲ. ಆಗಸ್ಟಿನಲ್ಲಿ ನಿನ್ನ ಲಕೋಟೆ ಬಂತು. ನಿನ್ನ ಬದಲು ಒಂದು ಚೂರು ಪ್ಲಾಸ್ಟಿಕ್ಕು. ಅವನಿಗೆ ಕೊಡಲೆಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿ ಬಂದು, ಲೋಹ ಉಜ್ಜುವ ಅರಗಳನ್ನು ಇಡುವ ಮೇಜಿನ ಖಾನೆಗೆ ಹಾಕಿದೆ.

ಯೋಚಿಸದೆ ಮಾಡಿದೆ ಎಂದು ಹೇಳುವುದಿಲ್ಲ. ಯೋಚಿಸಿಯೇ ಮಾಡಿದೆ. ಕಾರ್ಡು ಬಾರದಿದ್ದರೆ ಅವನು ಬೇಸರಪಡುತ್ತಾನೆ, ಅವನ ಉತ್ತರ ಬಾರದಿದ್ದರೆ ನೀನು ಗಾಬರಿಯಾಗುತ್ತೀಯ, ಏನಾಯಿತೆಂದು ನೋಡಲು ಓಡಿ ಬರುತ್ತೀಯ. ದಾರಿ ಮುಚ್ಚಿದರೆ ಬಾಗಿಲು ತಾನೇ ತೆರೆಯುತ್ತದೆ. ಅವನ ಆಟದಿಂದ ನಾನು ಕಲಿತದ್ದು ಅದೊಂದೇ, ಅದನ್ನು ನನ್ನ ಇಬ್ಬರು ಮಕ್ಕಳ ಮೇಲೆ ಆಡಿದೆ.

ಹದಿನೈದು ದಿನ ಎಂದುಕೊಂಡಿದ್ದೆ. ನೀನು ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಕೊಡುವುದು ಹೇಗೆ? ಇಷ್ಟು ದಿನ ಎಲ್ಲಿತ್ತು ಅಂದರೆ? ಸೆಪ್ಟೆಂಬರಿನ ನಿನ್ನ ಕಾಗದವೂ ಅದೇ ಖಾನೆಗೆ ಹೋಯಿತು. ಒಂದು ದಿನ ಅಂಗಡಿಗೆ ಫೋನು ಬಂತು, ಹಲೋ ಎಂದೆ. ಯಾರೂ ಮಾತಾಡಲಿಲ್ಲ. ಹಿಂದೆ ತಗಡಿನ ತಟ್ಟೆಗಳ ಸದ್ದು ನನ್ನ ಈ ಕಿವಿಗೂ ಕೇಳಿಸಿತು. ಬೇಕರಿಯ ತಟ್ಟೆಗಳು. ನೀನೇ ಎಂದು ತಿಳಿದೂ ಮತ್ತೆ ಏನೂ ಕೇಳಲಿಲ್ಲ.

ಅವನು ಅಂಚೆಯವನ ಗಂಟೆ ಕೇಳಿದಾಗಲೆಲ್ಲ ಮೇಲಿನಿಂದ ಕೂಗುತ್ತಿದ್ದ, “ಅಪ್ಪಾ, ಆಮೆ ಬಂತಾ?” ಇಲ್ಲ ಎನ್ನುತ್ತಿದ್ದೆ. ಖಾನೆ ನನ್ನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಐದು ತಿಂಗಳು ಇಲ್ಲ ಎಂದಿದ್ದೇನೆ. ಭಾನುವಾರ ಬಿಟ್ಟು.

ನವೆಂಬರಿನಲ್ಲಿ ಅವನು ನಿನಗೆ ಬರೆದ ಕಾಗದವನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟ. ಹಾಕಿದರೆ ನಿನಗೆ ಎಲ್ಲ ತಿಳಿದುಹೋಗುತ್ತಿತ್ತು. ಹಾಕಲಿಲ್ಲ.

ನೀನು ಸಂಜೆಯ ಬಸ್ಸಿಗೆ ಹೋದ ಮರುದಿನ ಖಾನೆ ತೆರೆದೆ. ಮೂರು ಲಕೋಟೆಗಳನ್ನೂ ಒಡೆದು, ಕಾರ್ಡಿನ ಜೊತೆಗಿದ್ದ ನಿನ್ನ ಕಾಗದವನ್ನೂ ಸೇರಿಸಿ ಎಲ್ಲ ಓದಿದೆ. ಜುಲೈನಲ್ಲಿ ನೀನು ಯಾಕೆ ಬರಲಿಲ್ಲವೆಂದು ಆಗ ಗೊತ್ತಾಯಿತು. ಹೊಟ್ಟೆಯಲ್ಲಿದ್ದ ಆರು ತಿಂಗಳ ಕೂಸು ಹೋಯಿತೆಂದೂ, ಎರಡು ತಿಂಗಳು ಹಾಸಿಗೆಯಿಂದ ಏಳಬಾರದೆಂದಿದ್ದಾರೆಂದೂ, ಆ ಹಾಸಿಗೆಯಲ್ಲಿ ಮಲಗಿಯೇ ಈ ಸರದಿ ಆಡಿದೆಯೆಂದೂ ಅವನಿಗೆ ಬರೆದಿದ್ದೆ. ‘ಅಪ್ಪನಿಗೆ ಹೇಳಬೇಡ’ ಎಂದೂ ಬರೆದಿದ್ದೆ. ಅವನು ಹೇಳಲಿಲ್ಲ ಮಗಳೇ. ಅವನಿಗೇ ಗೊತ್ತಾಗಲಿಲ್ಲ.

ಆಮೇಲೆ ಕಾರ್ಡನ್ನು ಡಬ್ಬಿಗೆ ಹಾಕಿದೆ. ಪರದೆಯ ಮೇಲೆ, ‘ದೊರೆಯ ಸರದಿ. ಆಮೆ ನಿಮಗೆ ನೀಲಿಬಾಗಿಲು ಪಟ್ಟಣವನ್ನು ಕೊಡುತ್ತಿದ್ದಾಳೆ. ಒಪ್ಪುತ್ತೀರಾ?’ ಎಂದು ಬಂತು. ನನಗೆ ಒಂದೂ ತಿಳಿಯಲಿಲ್ಲ. ಹೆದರಿ ಕಾರ್ಡು ತೆಗೆದೆ. ಅದಕ್ಕೇ ಆಟ ಕಲಿಸು ಎಂದು ನಿನಗೆ ಬರೆದದ್ದು. ಈಗ ತಿಳಿಯುತ್ತದೆ. ಅವನಿಗೆ ಸಮುದ್ರ ಕೊಟ್ಟಿದ್ದೆ ನೀನು.

ಅವನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಕಾರ್ಡು ಡಬ್ಬಿಯಲ್ಲಿದೆ. ಏನನ್ನೂ ಒತ್ತಿಲ್ಲ. ಒಂದನ್ನೇ ಕೇಳುತ್ತೇನೆ. ಅವನ ಪರವಾಗಿ ‘ಒಪ್ಪಿದೆ’ ಎಂದು ನಾನು ಒತ್ತಬಹುದೇ? ಅವನ ಊರಿಗೆ ಆ ಬಂದರು ಸೇರಲಿ ಎಂದಷ್ಟೇ. ನೀನು ಹೂಂ ಅಂದರೆ ಮಾತ್ರ.

ಅಳಿಯನಿಗೆ ನನ್ನ ನೆನಪು ತಿಳಿಸು. ತಿಳಿಸದಿದ್ದರೂ ಸರಿ.

ಅಪ್ಪ


(ಜೊತೆಗಿದ್ದ ಕಾಗದ)

ನವೆಂಬರ್ ೨

ಆಮೆ ಅಕ್ಕಾ,

ನೀನು ನಿಧಾನ ಅಂತ ಗೊತ್ತು, ಆದರೆ ಇಷ್ಟು ನಿಧಾನವೇ? ಮೂರು ತಿಂಗಳಾಯಿತು. ನನ್ನ ಸೈನಿಕರು ನಿಂತಲ್ಲೇ ನಿಂತು ಬೇರು ಬಿಟ್ಟಿದ್ದಾರೆ. ಆನೆಯ ಮೇಲೆ ಕೂತು ಕೈ ಎತ್ತಿದವನೊಬ್ಬ ಹಾಗೇ ಇದ್ದಾನೆ ಪಾಪ, ಅವನ ಕೈ ಎಷ್ಟು ನೋಯುತ್ತಿರಬೇಕು.

ಅಂಗಡಿ ಚೆನ್ನಾಗಿ ನಡೆಯುತ್ತಿರಬೇಕು, ಅದಕ್ಕೆ ಪುರುಸೊತ್ತಿಲ್ಲ. ಒಳ್ಳೆಯದು. ಅಥವಾ ಬೇರೇನಾದರೂ ವಿಶೇಷವೇ? ಭಾವ ಹೋದ ಸಲ ಕಾಗದದ ಮೂಲೆಯಲ್ಲಿ ಏನೋ ಗೀಚಿ ಹೊಡೆದುಹಾಕಿದ್ದರು. ನಾನು ಬೆಳಕಿಗೆ ಹಿಡಿದು ಓದಿದೆ. ಓದಿಲ್ಲ ಅಂದುಕೋ. ಹೆಣ್ಣಾದರೆ ಮರಿ ಆಮೆ, ಗಂಡಾದರೂ ಮರಿ ಆಮೆ. ನಾನು ಅದಕ್ಕೆ ಆಟ ಕಲಿಸುತ್ತೇನೆ. ಚಮಚದಲ್ಲಿ ನೋಡುವುದನ್ನೂ ಕಲಿಸುತ್ತೇನೆ.

ನನ್ನ ಕಾಲು ಊದಿಕೊಂಡು ಅಪ್ಪನ ಚಪ್ಪಲಿ ಸರಿಯಾಗುತ್ತಿದೆ. ಗುಂಡಿ ಅತ್ತೆ ನೋಡಿ, “ಅಂತೂ ಅಪ್ಪನಷ್ಟು ಎತ್ತರ ಆಗ್ದಿದ್ರೂ ಅಪ್ಪನಷ್ಟು ಕಾಲು ಬಂತಲ್ಲೋ ದೊರೆ,” ಅಂದಳು. ಬೇರೆ ಏನೂ ಇಲ್ಲ. ಚಿಂತೆ ಮಾಡಬೇಡ.

ಅಪ್ಪ ಈಗ ದಿನಕ್ಕೆ ಮೂರು ಸಲ ಮೇಲೆ ಬರುತ್ತಾರೆ. ಏನೋ ಹೇಳಲು ಬಂದವರ ಹಾಗೆ ಕೂರುತ್ತಾರೆ. ನನ್ನ ಹೊದಿಕೆ ಸರಿಮಾಡಿ ಇಳಿದು ಹೋಗುತ್ತಾರೆ. ಅವರಿಗೆ ನೀನು ಇಲ್ಲದ್ದು ಕಷ್ಟ. ಬಾಯಿಬಿಟ್ಟು ಹೇಳುವ ಜಾತಿ ಅಲ್ಲ. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ಒಂದು ರಾಜಕಾರಣದ ಮಾತು. ನೀಲಿಬಾಗಿಲನ್ನು ನಾನು ಯುದ್ಧ ಮಾಡಿ ತೆಗೆದುಕೊಳ್ಳಬಹುದು, ಎಂಟು ಆನೆ ತಯಾರಿವೆ. ಆದರೆ ಅಕ್ಕನ ಊರಿನ ಗೋಡೆ ಒಡೆದು ಏನು ಸುಖ? ಅಲ್ಲಿ ನನ್ನ ಒಂದೇ ಒಂದು ಹಡಗು ನಿಲ್ಲಿಸಲು ಜಾಗ ಕೊಡು, ಸಾಕು. ನಿಜವಾದ ಸಮುದ್ರವನ್ನಂತೂ ನಾನು ನೋಡುವುದು ಅಷ್ಟರಲ್ಲೇ ಇದೆ, ಇದನ್ನಾದರೂ ನೋಡುತ್ತೇನೆ.

ಅವಸರವಿಲ್ಲ. ನಿನ್ನ ಸರದಿ. ಯೋಚಿಸು. ನಾನು ಗೋಡೆ ನೋಡುತ್ತಾ ಕೂತಿದ್ದೇನೆ. ಚಮಚ ಕೆಳಗಿಟ್ಟಿದ್ದೇನೆ, ಆಣೆ.

ನಿನ್ನ ದೊರೆ


ಜುಲೈ ೧೯

ಮಗಳಿಗೆ,

ನಿನ್ನ ಕಾಗದ ಬರಲಿಲ್ಲ. ಬರಲೇಬೇಕೆಂದೂ ಇಲ್ಲ.

ಚಾರ್ಜರಿನ ತಂತಿ ಕಿತ್ತುಬಂದಿತ್ತು, ಬೆಸುಗೆ ಹಾಕಿದೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಡಬ್ಬಿ ಹಚ್ಚಿ ಇಡುತ್ತೇನೆ, ಬಾಗಿಲು ಹಾಕುವಾಗ ಆರಿಸುತ್ತೇನೆ. ಪ್ರಶ್ನೆ ಅಲ್ಲೇ ಇದೆ. ನನ್ನ ಸಾವಿರ ವರ್ಷದ ರಾಜ್ಯವನ್ನು ಅಳಿಸಿಹಾಕಿದೆ. ಅದರಲ್ಲಿ ಮನಸ್ಸಿಲ್ಲ.

ಅಂಚೆಯವನು ಬಂದಾಗ ಈಗ ನಾನೇ ಹೊರಗೆ ಹೋಗಿ ನಿಲ್ಲುತ್ತೇನೆ. ಅವನು ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ.

ಅಪ್ಪ


ಸೆಪ್ಟೆಂಬರ್ ೬

ಅಪ್ಪಾ,

ಮೇ ತಿಂಗಳ ನಿಮ್ಮ ಕಾಗದವನ್ನು ಒಲೆಗೆ ಹಾಕಿದೆ. ಅವನದನ್ನು ಇಟ್ಟುಕೊಂಡೆ. ಜುಲೈನದನ್ನು ಒಡೆಯದೆ ಹಿಟ್ಟಿನ ಡಬ್ಬದ ಮೇಲೆ ಇಟ್ಟಿದ್ದೆ. ಹೋದ ವಾರ ನಮ್ಮ ಮನೆಯವರು ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, “ಲಕೋಟೆ ಒಡೀದೆ ಇಡೋದು ನಿಮ್ಮ ಮನೇಲಿ ಒಬ್ಬರು ಮಾಡಿದ್ದು ಸಾಲ್ದಾ?” ಅಂದರು. ಅದಕ್ಕೆ ಒಡೆದೆ.

ಊರಿನವರ ಬೀಗಗಳನ್ನೆಲ್ಲ ತೆರೆದುಕೊಟ್ಟ ಕೈ ನಿಮ್ಮದು. ಅದು ಒಂದು ಖಾನೆ ತೆರೆಯಬೇಕಾದರೆ ಅವನು ಸಾಯಬೇಕಾಯಿತು. ಇದನ್ನು ಮೂರು ತಿಂಗಳಿನಿಂದ ಮನಸ್ಸಿನಲ್ಲೇ ಹೇಳುತ್ತಿದ್ದೆ, ಈಗ ಬರೆದಾಯಿತು. ಬರೆದು ಹಗುರವೇನೂ ಆಗಲಿಲ್ಲ.

ಕ್ಷಮಿಸು ಎಂದು ನೀವು ಬರೆಯಲಿಲ್ಲ. ಅದೊಂದನ್ನು ಸರಿ ಮಾಡಿದಿರಿ. ಬರೆದಿದ್ದರೆ ಅವನ ಕಾಗದವೂ ನಿಮ್ಮದರ ಜೊತೆ ಬೆಂಕಿಗೆ ಹೋಗುತ್ತಿತ್ತೇನೋ.

ನನ್ನದೂ ಒಂದಿದೆ. ಅಕ್ಟೋಬರಿನಲ್ಲಿ ನಾನು ಹಾಸಿಗೆಯಿಂದ ಎದ್ದಿದ್ದೆ. ಬಸ್ಸು ಇತ್ತು. ಅರ್ಧ ದಿನದ ದಾರಿ. ಫೋನಿನಲ್ಲಿ ನಿಮ್ಮ ಹಲೋ ಕೇಳಿ ಇಟ್ಟುಬಿಟ್ಟೆ. ಅವನಿಗೆ ನನ್ನ ಮೇಲೆ ಕೋಪ ಎಂದುಕೊಂಡರೆ, ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಅವನ ಮುಂದೆ ಬಂದು ನಿಲ್ಲುವುದು ತಪ್ಪುತ್ತಿತ್ತು. ಅವನು ಆ ಮೂಲೆಯ ಗೀಚನ್ನು ಓದಿರುತ್ತಾನೆಂದು ನನಗೆ ಗೊತ್ತಿತ್ತು. ಮರಿ ಆಮೆ ಎಲ್ಲಿ ಎಂದು ಕೇಳಿಯೇ ಕೇಳುತ್ತಾನೆಂದೂ ಗೊತ್ತಿತ್ತು. ನೀವು ದಾರಿ ಮುಚ್ಚಿದಿರಿ, ನಾನು ಒಳಗಿನಿಂದ ಅಗುಳಿ ಹಾಕಿಕೊಂಡೆ. ಇದು ನಿಮಗೆ ಸಮಾಧಾನವಾಗಲಿ ಎಂದು ಬರೆದದ್ದಲ್ಲ. ನಿಜ ಎಂದು ಬರೆದದ್ದು.

ಮನೆಯ ಹಳೆಯ ಬೀಗದ ಕೈ ನನ್ನ ಬಳಿ ಇದೆ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಒತ್ತಬೇಡಿ. ಒಪ್ಪಿದೆ ಎಂದೂ ಬೇಡ, ಇಲ್ಲ ಎಂದೂ ಬೇಡ. ಅವನು ಒಪ್ಪುತ್ತಿದ್ದ ಎಂದು ನನಗೂ ಗೊತ್ತು ನಿಮಗೂ ಗೊತ್ತು, ಆದರೆ ಅದು ನಿಮ್ಮ ಸರದಿಯಲ್ಲ. ಐದು ತಿಂಗಳು ಅವನು ಅದನ್ನು ನನ್ನ ಸರದಿ ಎಂದುಕೊಂಡು ಕಾದ, ನಾನು ಅವನ ಸರದಿ ಎಂದುಕೊಂಡು ಕಾದೆ. ಅದು ಅವನದಾಗಿತ್ತು. ಈಗಲಾದರೂ ಅವನ ಕೈಯಲ್ಲೇ ಇರಲಿ. ಹುಟ್ಟಿದಾಗಿನಿಂದ ಅವನು ಯಾವುದಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚು ಯೋಚಿಸಿದವನಲ್ಲ. ತನ್ನ ಬಳಿ ಹೊತ್ತಿಲ್ಲವೆಂದು ಅವನಿಗೆ ತಿಳಿದಿತ್ತು. ಈ ಒಂದು ಸಲ ನಿಧಾನವಾಗಿ ಯೋಚಿಸಲಿ.

ಚಾರ್ಜ್ ಆರದಂತೆ ನೋಡಿಕೊಳ್ಳಿ. ಬೆಳಿಗ್ಗೆ ಹಚ್ಚುವಾಗ ಡಬ್ಬಿಯನ್ನು ಮೇಲೆ, ಕಿಟಕಿಯ ಹತ್ತಿರ ಇಡಿ, ಅಂಗಡಿಯಲ್ಲಿ ಬೇಡ. ಮತ್ತೆ ನಮ್ಮ ಕಾನೂನು ನಿಮಗೆ ಬರೆದಿದ್ದೆ. ಒಬ್ಬರ ಸರದಿ ನಡೆಯುವಾಗ ಉಳಿದವರು ನೋಡಬಾರದು.

ನೀವು ಅಲ್ಲಿ ಗೋಡೆಗೆ ಮುಖ ಮಾಡಿ ಕೂರಿ. ನಾನು ಇಲ್ಲಿ ಕೂರುತ್ತೇನೆ.

ಆಮೆ